ಗೋವಾದಲ್ಲಿ ಬೀಚ್ ಕೆಲಸ ಬಿಟ್ಟರೆ ಬೇರೆ ಏನಿದೆ? ಸರ್ಕಾರ ಹೇಳುವ ಹೊಸ ಉದ್ಯೋಗಗಳು ನಿಜಕ್ಕೂ ಸಿಗುತ್ತವಾ?

ನರಗುಂದದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಕಲಂಗುಟ್ ಹತ್ತಿರ ಒಂದು ಶ್ಯಾಕ್‌ನಲ್ಲಿ (ಬೀಚ್ ಮೇಲೆ ಸೀಸನ್‌ಗೆ ಅಂತ ಕಟ್ಟುವ ಹೋಟೆಲ್) ಅಡುಗೆಮನೆ ಕೆಲಸ ಮಾಡುತ್ತಾನೆ. ಅಕ್ಟೋಬರ್‌ನಿಂದ ಮೇ ತನಕ ಉಸಿರಾಡಲೂ ಪುರಸೊತ್ತಿಲ್ಲ. ಮೇ ಕೊನೆಗೆ ಶ್ಯಾಕ್ ಬಿಚ್ಚಲೇಬೇಕು ಅನ್ನುವುದು ಅಲ್ಲಿನ ನಿಯಮ. ಬಿದಿರು, ತೆಂಗಿನ ಗರಿ, ಫ್ರಿಜ್, ಒಲೆ ಎಲ್ಲ ಗೋಡೌನ್ ಸೇರುತ್ತವೆ. ಇವನು ವಾಸ್ಕೋದಲ್ಲಿ ಅಮರಾವತಿ ರೈಲು ಹತ್ತಿ ಗದಗಕ್ಕೆ ಬಂದು ಇಳಿಯುತ್ತಾನೆ. ಆಮೇಲೆ ಮಳೆಗಾಲ ಮುಗಿಯುವ ತನಕ ಸಂಬಳ ಇಲ್ಲ. ಸೀಸನ್‌ನಲ್ಲಿ ಉಳಿಸಿದ ದುಡ್ಡು ಗಣೇಶ ಚೌತಿ ಹೊತ್ತಿಗೆ ಖಾಲಿ.

ಅವನು ಐಟಿಐ ಫಿಟ್ಟರ್ ಮಾಡಿದ್ದಾನೆ. ಆ ಸರ್ಟಿಫಿಕೇಟ್ ಮನೆಯ ಟ್ರಂಕಿನಲ್ಲೇ ಇದೆ. ಊರಿನ ಹುಡುಗರೆಲ್ಲ ಹೋಟೆಲಿಗೆ ಹೋಗುತ್ತಿದ್ದರು, ಇವನೂ ಹೋದ.

ಪೇಪರ್ ಓದಿದರೆ ಗೋವಾ ಸರ್ಕಾರ ಪ್ರವಾಸೋದ್ಯಮ ಒಂದನ್ನೇ ನಂಬಿ ಕೂರುವುದಿಲ್ಲ ಅನ್ನುತ್ತದೆ. ಐಟಿ ನೀತಿ, ಸ್ಟಾರ್ಟಪ್ ನೀತಿ, ಎಲೆಕ್ಟ್ರಾನಿಕ್ಸ್ ಕ್ಲಸ್ಟರ್, ಸ್ವಯಂಪೂರ್ಣ ಗೋವಾ ಅಂತ ಹೆಸರುಗಳು ಬರುತ್ತಲೇ ಇವೆ. 2020ರ ಲಾಕ್‌ಡೌನ್‌ನಲ್ಲಿ ಬೀಚ್ ಬಂದ್ ಆದಾಗ ನಮ್ಮ ಕಡೆಯ ಹುಡುಗರು ಎಷ್ಟು ಒದ್ದಾಡಿದರು ಅಂತ ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕೇಳುತ್ತಿದ್ದೇನೆ. ಈ ಹೊಸ ಉದ್ಯೋಗಗಳು ನಿಜವಾಗಿಯೂ ಇವೆಯಾ? ಕರ್ನಾಟಕದಿಂದ ಹೋದವರಿಗೆ ಸಿಗುತ್ತವಾ? ಅಲ್ಲೇ ಇರುವವರು ಹೇಳಿದರೆ ಉಪಕಾರ ಆಗುತ್ತದೆ.

---

ಝುವಾರಿ ದಂಡೆ ಉತ್ತರ:

ನಾನು ಹುಟ್ಟಿದ್ದೇ ವಾಸ್ಕೋದಲ್ಲಿ. ಅಪ್ಪ ಮುಂಡರಗಿ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ನಾನು ವೆರ್ಣಾದ ಒಂದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೇನೆ. ನಿಮ್ಮ ಪ್ರಶ್ನೆ ನಮ್ಮ ಮನೆಯಲ್ಲಿ ದಿನಾ ನಡೆಯುವ ಮಾತು. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೀಚ್ ಬಿಟ್ಟು ಬೇರೆ ಕೆಲಸ ಗೋವಾದಲ್ಲಿ ಇದೆ. ಆದರೆ ನೀವು ಪೇಪರ್‌ನಲ್ಲಿ ಓದಿದ ನೀತಿಗಳಿಂದ ಬಂದದ್ದು ಅದರಲ್ಲಿ ಕಡಿಮೆ. ಇಲ್ಲಿಯ ಕೈಗಾರಿಕಾ ನಿಗಮ ಶುರುವಾಗಿದ್ದು 1966ರಲ್ಲಿ. ಗೋವಾ ಭಾರತಕ್ಕೆ ಸೇರಿ ಆಗ ಐದು ವರ್ಷವೂ ಆಗಿರಲಿಲ್ಲ. ನಿಗಮ ವೆರ್ಣಾದಂಥ ಕೈಗಾರಿಕಾ ಎಸ್ಟೇಟ್‌ಗಳನ್ನು ಒಂದೊಂದಾಗಿ ಮಾಡುತ್ತಾ ಬಂತು. ತೊಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ರಾಜ್ಯಗಳ ಪಟ್ಟಿಯಲ್ಲಿ ಗೋವಾವನ್ನೂ ಸೇರಿಸಿ, ಹೊಸ ಕಾರ್ಖಾನೆಗಳಿಗೆ ಕೆಲವು ವರ್ಷ ಆದಾಯ ತೆರಿಗೆ ಬಿಟ್ಟಿತು. ಔಷಧಿ ಕಂಪನಿಗಳು ಆಗ ಬಂದವು. ಸಿಪ್ಲಾ, ಲೂಪಿನ್ ತರಹದ ದೊಡ್ಡ ಹೆಸರುಗಳು ಇವತ್ತಿಗೂ ವೆರ್ಣಾದಲ್ಲಿವೆ. 2003ರಲ್ಲಿ ಹಿಮಾಚಲ, ಉತ್ತರಾಖಂಡಕ್ಕೆ ಇನ್ನೂ ದೊಡ್ಡ ರಿಯಾಯಿತಿ ಸಿಕ್ಕಿತು, ಆಮೇಲೆ ಹೊಸ ಕಾರ್ಖಾನೆಗಳು ಅತ್ತ ಹೊರಟವು. ಆದರೆ ಮೊದಲೇ ಬಂದು ನೆಲೆ ಊರಿದವು ಉಳಿದವು. ನನ್ನಂಥವರ ಮನೆಯಲ್ಲಿ ಜುಲೈ ತಿಂಗಳಲ್ಲೂ ಒಂದನೇ ತಾರೀಖು ಸಂಬಳ ಆಗುತ್ತದೆ ಅಂದರೆ ಅದಕ್ಕೆ ಕಾರಣ ಇದು.

ಈಗ ಇನ್ನೊಂದು ಕಡೆ ನೋಡಿ. ನನ್ನ ಸೋದರಮಾವ ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಆಮೇಲೆ ಸಾಲ ಮಾಡಿ ಸ್ವಂತ ಲಾರಿ ತೆಗೆದುಕೊಂಡರು. 2012ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಗಣಿ ನಿಲ್ಲಿಸಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ಹಾಕಿತು. 2014ರಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಇಟ್ಟು ಮತ್ತೆ ಗಣಿ ನಡೆಸಲು ಬಿಟ್ಟರು. 2018ರ ಫೆಬ್ರವರಿಯಲ್ಲಿ 88 ಗುತ್ತಿಗೆಗಳ ನವೀಕರಣವನ್ನೇ ಕೋರ್ಟ್ ರದ್ದು ಮಾಡಿತು. ಮನೆ ಮುಂದೆ ನಿಂತ ಲಾರಿಯ ಟೈರು ಬಿರುಕು ಬಿಟ್ಟಿತು. ಸಾಲ ತೀರಿಸುವುದಕ್ಕೆ ಸರ್ಕಾರ ಒಂದು ಪರಿಹಾರ ಯೋಜನೆ ತಂದಿತು, ಅದು ಸುಳ್ಳಲ್ಲ, ಎಷ್ಟೋ ಮನೆ ಉಳಿಯಿತು. ಆದರೆ ಮುಂದಿನ ಕೆಲಸ ಏನು? ಮಾವ ಲಾರಿ ಮಾರಿ ಟೂರಿಸ್ಟ್ ಕಾರು ತಂದರು. ಅವರ ಓಣಿಯಲ್ಲಿ ಇನ್ನೊಬ್ಬರು ಮನೆಯ ಮೇಲೆ ರೂಮ್ ಕಟ್ಟಿ ಬಾಡಿಗೆಗೆ ಬಿಟ್ಟರು. ಮತ್ತೊಬ್ಬರ ಮಗ ಬಾಗಾದಲ್ಲಿ ಬೈಕ್ ಬಾಡಿಗೆ ಶುರು ಮಾಡಿದ.

ಇದು ನನ್ನನ್ನು ತುಂಬಾ ಕಾಡುವ ವಿಷಯ. ಗೋವಾದ ಎರಡು ಕಾಲುಗಳಲ್ಲಿ ಒಂದು ಮುರಿದಾಗ, ಅದನ್ನು ನಂಬಿದ್ದವರೆಲ್ಲ ಇನ್ನೊಂದು ಕಾಲಿನ ಮೇಲೆ ಭಾರ ಹಾಕಿದರು. ಪ್ರವಾಸೋದ್ಯಮಕ್ಕೆ ಪರೀಕ್ಷೆ ಬೇಡ, ಡಿಪ್ಲೊಮಾ ಬೇಡ, ಒಂದು ಕಾರೋ ರೂಮೋ ಇದ್ದರೆ ಸಾಕು. ಹೀಗಾಗಿ ಬೇರೆ ಕೆಲಸ ಹೋದಾಗಲೆಲ್ಲ ಜನ ಅಲ್ಲಿಗೇ ಬಂದು ಬೀಳುತ್ತಾರೆ. ಸರ್ಕಾರ ಐಟಿ ನೀತಿ ಮಾಡಿದರೆ ಲಾರಿ ಡ್ರೈವರ್ ಅದರೊಳಗೆ ಹೇಗೆ ಹೋಗಬೇಕು? ಅವನಿಗೂ ಆ ಕೆಲಸಕ್ಕೂ ನಡುವೆ ಮೆಟ್ಟಿಲು ಕಟ್ಟುವವರು ಯಾರು? ಅದನ್ನು ಯಾವ ನೀತಿಯೂ ಸರಿಯಾಗಿ ಮಾಡಿಲ್ಲ ಅನ್ನುವುದು ನನ್ನ ದೂರು.

ಬಂದವರ ಲೆಕ್ಕವೂ ಬದಲಾಗಿದೆ. 2019ರಲ್ಲಿ ವಿದೇಶಿ ಪ್ರವಾಸಿಗರು 9 ಲಕ್ಷ ದಾಟಿದ್ದರು, 2024ರಲ್ಲಿ ಅದರ ಅರ್ಧದಷ್ಟು ಮಾತ್ರ. ದೇಶದೊಳಗಿನವರು ಮೊದಲಿಗಿಂತ ಜಾಸ್ತಿ. ಆದರೆ ತಿಂಗಳುಗಟ್ಟಲೆ ಒಂದೇ ಶ್ಯಾಕ್‌ಗೆ ಬಂದು ಕೂರುತ್ತಿದ್ದ ಗಿರಾಕಿ ಬೇರೆ, ಶನಿವಾರ ಬಂದು ಭಾನುವಾರ ಹೋಗುವ ಗಿರಾಕಿ ಬೇರೆ. ನಿಮ್ಮ ತಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ದೊಡ್ಡ ಕಾರ್ಖಾನೆಗಳು ಯಾಕೆ ಬರುತ್ತಿಲ್ಲ ಅಂತ ಕೇಳಿದರೆ ಎಲ್ಲರೂ ಇಲ್ಲಿನ ಜನರನ್ನು ಬೈಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇಡೀ ರಾಜ್ಯ 3,702 ಚದರ ಕಿಲೋಮೀಟರ್. ಅದರಲ್ಲಿ ಘಟ್ಟದ ಕಾಡು ಇದೆ, ನದಿ ಇದೆ, ಖಾಜಾನ್ ಗದ್ದೆ (ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ತಗ್ಗು ಗದ್ದೆ) ಇದೆ. ಉಳಿದ ಗುಡ್ಡದ ತಲೆಯೇ ಕೆಳಗಿನ ಊರಿನ ಬಾವಿಗೆ ನೀರು ಕೊಡುವುದು. 1995ರಲ್ಲಿ ಫೋಂಡಾ ತಾಲೂಕಿನ ಕೇರಿಯಲ್ಲಿ ನೈಲಾನ್ ಕಾರ್ಖಾನೆ ಬೇಡ ಅಂತ ಜನ ಎದ್ದರು. ಗೋಲಿಬಾರ್‌ನಲ್ಲಿ ಒಬ್ಬ ಯುವಕ ಸತ್ತ. ಕಾರ್ಖಾನೆ ತಮಿಳುನಾಡಿಗೆ ಹೋಯಿತು. ಆಮೇಲೆ ವಿಶೇಷ ಆರ್ಥಿಕ ವಲಯಗಳು (ತೆರಿಗೆ ರಿಯಾಯಿತಿ ಕೊಟ್ಟು ಕಂಪನಿಗಳಿಗೆ ಬಿಡುವ ಜಾಗಗಳು) ಬಂದವು. ಅದೇ ಕೇರಿಯಲ್ಲಿ ಒಂದು, ವೆರ್ಣಾದಲ್ಲಿ ಬೇರೆ. ಜನ ಮತ್ತೆ ಬೀದಿಗೆ ಇಳಿದರು, 2007ರ ಡಿಸೆಂಬರ್ 31ರಂದು ಆಗಿನ ಮುಖ್ಯಮಂತ್ರಿ ದಿಗಂಬರ ಕಾಮತ್ ಎಲ್ಲವನ್ನೂ ಕೈಬಿಡುವುದಾಗಿ ಹೇಳಿದರು. ಆ ಜಾಗ ಕೋರ್ಟ್ ವ್ಯವಹಾರದಲ್ಲಿ ಸಿಕ್ಕಿ, 2018ರಲ್ಲಿ ಕಂಪನಿಗಳಿಗೆ ಹಣ ವಾಪಸ್ ಕೊಟ್ಟ ಮೇಲೆ ನಿಗಮಕ್ಕೆ ಮರಳಿತು. ಅಷ್ಟು ವರ್ಷ ಅಲ್ಲಿ ಹುಲ್ಲು ಬೆಳೆಯಿತು. ಐಐಟಿಗೂ ಹಾಗೇ ಆಯಿತು. 2016ರಲ್ಲಿ ಶುರುವಾದ ಐಐಟಿಗೆ ಸತ್ತರಿ ತಾಲೂಕಿನ ಮೆಳಾವಳಿಯಲ್ಲಿ ಜಾಗ ಗುರುತಿಸಿದರು, 2021ರ ಜನವರಿಯಲ್ಲಿ ದೊಡ್ಡ ಗಲಾಟೆ ಆಗಿ ಬಿಟ್ಟುಬಿಟ್ಟರು. ಊರಿನವರನ್ನು ಕೂರಿಸಿಕೊಂಡು ಕೇಳದೆ ಮೇಲಿನಿಂದ ಜಾಗ ಗುರುತು ಮಾಡಿದರೆ ಹೀಗೇ ಆಗುವುದು. ಒಂದು ಸಲ ಆದ ಮೇಲಾದರೂ ದಾರಿ ಬದಲಿಸಬೇಕಿತ್ತು.

ನಿಮ್ಮ ತಮ್ಮನ ವಿಷಯಕ್ಕೆ ಬರುತ್ತೇನೆ. ಫಿಟ್ಟರ್‌ಗೆ ವೆರ್ಣಾ, ಕುಂಡಯಿ, ಬೆತೋಡಾ ಈ ಎಸ್ಟೇಟ್‌ಗಳಲ್ಲಿ ಬೇಡಿಕೆ ಇದೆ. ಸರ್ಕಾರಿ ಕೆಲಸದ ಆಸೆ ಬೇಡ. ಅದಕ್ಕೆ 15 ವರ್ಷ ಗೋವಾದಲ್ಲಿ ವಾಸ ಇದ್ದ ಸರ್ಟಿಫಿಕೇಟ್ ಬೇಕು, ಕೊಂಕಣಿ ಬರಬೇಕು. ಖಾಸಗಿ ಕಂಪನಿಯಲ್ಲಿ ಹಾಗಿಲ್ಲ. ಆದರೆ ಮೊದಲು ಸಿಗುವುದು ಹೆಚ್ಚಾಗಿ ಠೇಕೇದಾರನ ಕೈಕೆಳಗಿನ ಕೆಲಸ. ನಾನೂ ಹಾಗೇ ಸೇರಿದವಳು. ಆ ಠೇಕೇದಾರ ನಮ್ಮ ಪಿಎಫ್ ಹಿಡಿದುಕೊಳ್ಳುತ್ತಿದ್ದ, ಕಟ್ಟುತ್ತಿರಲಿಲ್ಲ. ಅದಕ್ಕೇ ಹೇಳುವುದು, ಸೇರಿದ ಎರಡನೇ ತಿಂಗಳೇ ಯುಎಎನ್ (ಪಿಎಫ್ ಖಾತೆಯ) ನಂಬರ್ ಕೇಳಿ ಮೊಬೈಲಿನಲ್ಲಿ ಜಮಾ ಆಗಿದೆಯಾ ನೋಡಲಿ. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಕೇಳಲಿ. ಕೊಡದಿದ್ದರೆ ಬೇರೆ ಠೇಕೇದಾರನನ್ನು ಹುಡುಕಲಿ.

---

ಪಣಜಿ ಕೋಡರ್ ಉತ್ತರ:

ಅಕ್ಕ ಬರೆದದ್ದು ಓದಿ ಖುಷಿ ಆಯಿತು. ಒಂದು ವಿಷಯಕ್ಕೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಹೊಸ ನೀತಿಗಳಿಂದ ಏನೂ ಆಗಿಲ್ಲ ಅನ್ನುವ ಹಾಗೆ ಓದುವವರಿಗೆ ಅನಿಸಬಾರದು.

ನಾನು ಧಾರವಾಡದವನು, ಪಣಜಿಯಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. 2017ರ ಸ್ಟಾರ್ಟಪ್ ನೀತಿಯಿಂದ ನಮ್ಮಂಥ ಸಣ್ಣ ಕಂಪನಿಗಳಿಗೆ ಬಾಡಿಗೆಯಲ್ಲಿ, ಸಂಬಳದಲ್ಲಿ ಸ್ವಲ್ಪ ಹಣ ವಾಪಸ್ ಸಿಗುವ ದಾರಿ ಆಯಿತು. ನಮ್ಮ ಆಫೀಸಿನಲ್ಲಿ ಫರ್ಮಾಗುಡಿ ಎಂಜಿನಿಯರಿಂಗ್ ಕಾಲೇಜಿನಿಂದ ಬಂದ ಹುಡುಗಿಯರಿದ್ದಾರೆ. ಮೊದಲಾದರೆ ಅವರು ಬೆಂಗಳೂರಿಗೋ ಪುಣೆಗೋ ಹೋಗಬೇಕಿತ್ತು. ಈಗ ಸಂಜೆ ಮನೆಗೆ ಹೋಗುತ್ತಾರೆ. ಇದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ. ಐಟಿಗೆ ಗುಡ್ಡ ಕಡಿಯುವುದು ಬೇಡ, ಹಳೆ ಮನೆಯ ಎರಡು ಕೋಣೆ ಸಾಕು. ಜಾಗ ಇಲ್ಲದ ರಾಜ್ಯಕ್ಕೆ ಇದು ಹೊಂದುತ್ತದೆ.

ಆದರೆ ಒಪ್ಪಿಕೊಳ್ಳಲೇಬೇಕಾದ ಮಾತು ಇನ್ನೊಂದಿದೆ. 2020ರ ನಂತರ ದೆಹಲಿ, ಮುಂಬಯಿಯಿಂದ ಲ್ಯಾಪ್‌ಟಾಪ್ ಹಿಡಿದು ಬಂದವರು ಅಸಗಾಂವ್, ಶಿವೊಲಿ ಕಡೆ ಬಾಡಿಗೆಯನ್ನು ಸಿಕ್ಕಾಪಟ್ಟೆ ಏರಿಸಿದರು. ಅವರ ಕೆಲಸ ಗೋವಾದ್ದಲ್ಲ, ಸಂಬಳವೂ ಗೋವಾದ್ದಲ್ಲ. ಇಂಥವರನ್ನು ಇನ್ನೂ ಕರೆಸುವುದೇ ಪ್ರವಾಸೋದ್ಯಮಕ್ಕೆ ಪರ್ಯಾಯ ಅಂತ ಸರ್ಕಾರ ಅಂದುಕೊಂಡರೆ ಅದು ತಪ್ಪು ದಾರಿ. ಅದು ಉದ್ದದ ರಜೆಗೆ ಬಂದ ಪ್ರವಾಸಿಯೇ ಅಲ್ವಾ? ಪೆಡ್ನೆ ತಾಲೂಕಿನ ತುಯೆಂನಲ್ಲಿ ಎಲೆಕ್ಟ್ರಾನಿಕ್ಸ್‌ಗೆ ಅಂತ ಎಸ್ಟೇಟ್ ಮಾಡಿದ್ದಾರೆ. ಹತ್ತಿರದ ಮೋಪಾದಲ್ಲಿ 2023ರ ಜನವರಿಯಿಂದ ವಿಮಾನಗಳೂ ಹಾರುತ್ತಿವೆ. ಅಲ್ಲಿಗೆ ಕಾರ್ಖಾನೆ ತರಿಸುವ ಕಡೆ ಜೋರು ಹಾಕಿದರೆ ನರಗುಂದದವರ ತಮ್ಮನಂಥವರಿಗೆ ಉಪಯೋಗ. ಸದ್ಯಕ್ಕೆ ಮೋಪಾ ಸುತ್ತ ಹೋಟೆಲ್ ಜಾಹೀರಾತುಗಳೇ ಎದ್ದು ಕಾಣುತ್ತವೆ.

---

ನರಗುಂದದವ:

ಅಕ್ಕಾ, ಅಣ್ಣಾ, ಇಬ್ಬರಿಗೂ ಧನ್ಯವಾದ. ತಮ್ಮನಿಗೆ ಓದಿ ಹೇಳಿದೆ. ಅವನಿಗೆ ಎರಡು ಹೆದರಿಕೆ ಇದೆ. ಐಟಿಐ ಮುಗಿಸಿ ಬಹಳ ವರ್ಷ ಆಯಿತು, ಕೈಯಲ್ಲಿ ಫೈಲ್ ಹಿಡಿದದ್ದೇ ಮರೆತಿದೆ ಅನ್ನುತ್ತಾನೆ. ಎರಡನೆಯದು, ಸೀಸನ್‌ನಲ್ಲಿ ಟಿಪ್ಸ್ ಸೇರಿ ಸಿಗುವ ದುಡ್ಡು ಶುರುವಿನಲ್ಲಿ ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಅವ್ವನ ಔಷಧಿ ಖರ್ಚು ಅವನ ಮೇಲೇ ಇದೆ. ಅಡುಗೆ ಕೆಲಸವೂ ಅವನಿಗೆ ಇಷ್ಟವೇ, ಮಳೆಗಾಲದ ಖಾಲಿ ತಿಂಗಳುಗಳೇ ಕಷ್ಟ. ಇನ್ನೊಂದು ಪ್ರಶ್ನೆ. ಸ್ವಯಂಪೂರ್ಣ ಗೋವಾ ಅಂದರೆ ಏನು, ಅದರಲ್ಲಿ ಕೆಲಸ ಇದೆಯಾ?

---

ಝುವಾರಿ ದಂಡೆ:

ತಮ್ಮಾ, ನಿಮ್ಮ ತಮ್ಮ ಹೆದರುವುದು ಸಹಜ. ಬೀಚ್ ಕೆಲಸ ಬಿಡಲು ಜನ ಹಿಂಜರಿಯುವುದೂ ಇದಕ್ಕೇ. ನವೆಂಬರ್‌ನಿಂದ ಫೆಬ್ರವರಿ ತನಕ ಬರುವ ದುಡ್ಡು ನೋಡಿದರೆ ಕಾರ್ಖಾನೆಯ ಮೊದಲ ಸಂಬಳ ಏನೂ ಅಲ್ಲ ಅನಿಸುತ್ತದೆ. ಅವನು ವರ್ಷದ ಲೆಕ್ಕ ಹಾಕಿ ನೋಡಲಿ. ಖಾಲಿ ತಿಂಗಳು, ಊರಿಗೆ ಓಡಾಟ, ಮಳೆಗಾಲದ ಸಾಲದ ಬಡ್ಡಿ, ಇಎಸ್‌ಐ ಇದ್ದರೆ ಅವ್ವನಿಗೆ ಸಿಗುವ ಆಸ್ಪತ್ರೆ, ಎಲ್ಲವನ್ನೂ ಸೇರಿಸಿ. ಅವ್ವನ ಹೆಸರನ್ನು ಕುಟುಂಬದವರ ಪಟ್ಟಿಯಲ್ಲಿ ಸೇರಿಸಲು ಸೇರುವ ದಿನವೇ ಹೇಳಬೇಕು.

ಕೈ ಮರೆತಿದ್ದರೆ ಅಪ್ರೆಂಟಿಸ್ ಆಗಿ ಸೇರುವುದು ಒಳ್ಳೆಯದು. 30 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿ ತನ್ನ ಕೆಲಸಗಾರರ ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು ಅನ್ನುವುದು ದೇಶದ ಕಾನೂನು. ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಗೋವಾದ ಕಂಪನಿಗಳೂ ಕಾಣುತ್ತವೆ. ಸ್ಟೈಪೆಂಡ್ ಕಡಿಮೆ, ಅದು ನಿಜ.

ಒಳಗೆ ಕೆಲಸ ಹೇಗಿರುತ್ತದೆ ಅಂತಲೂ ಹೇಳುತ್ತೇನೆ, ಸುಮ್ನೆ ಕನಸು ಕಟ್ಟಿಕೊಂಡು ಬರುವುದು ಬೇಡ. ನಮ್ಮ ಪ್ಯಾಕಿಂಗ್ ಹಾಲ್‌ಗೆ ಬಳೆ, ಉಂಗುರ, ಕುಂಕುಮ ಯಾವುದೂ ಒಳಗೆ ಬರುವಂತಿಲ್ಲ. ತಲೆಗೆ ಟೋಪಿ, ಬಾಯಿಗೆ ಮಾಸ್ಕ್, ಚಪ್ಪಲಿ ಹೊರಗೆ. ಒಂದು ಔಷಧಿ ಮುಗಿದು ಇನ್ನೊಂದು ಶುರು ಮಾಡುವ ಮುಂಚೆ ಲೈನ್ ಕ್ಲಿಯರೆನ್ಸ್ ಅಂತ ಮಾಡುತ್ತೇವೆ. ಯಂತ್ರದ ಕೆಳಗೆ, ಬೆಲ್ಟಿನ ಸಂದಿಯಲ್ಲಿ, ಕಸದ ಡಬ್ಬಿಯಲ್ಲಿ, ಹಳೆಯ ಒಂದು ಮಾತ್ರೆಯೂ ಉಳಿದಿಲ್ಲ ಅಂತ ನೋಡಿ ಸಹಿ ಹಾಕಬೇಕು. ಒಂದು ಸಿಕ್ಕರೂ ಮತ್ತೆ ಮೊದಲಿನಿಂದ. ಫಿಟ್ಟರ್ ಆದವನು ಆ ಹೊತ್ತಿಗೆ ಅಚ್ಚು ಬದಲಾಯಿಸಿ, ಬಿಸಿ ಸರಿಹೊಂದಿಸಿ, ಖಾಲಿ ಸ್ಟ್ರಿಪ್ ಓಡಿಸಿ ತೋರಿಸಬೇಕು. ಶ್ಯಾಕ್ ಅಡುಗೆಮನೆಯಲ್ಲಿ ಒಟ್ಟಿಗೆ ಹತ್ತು ಆರ್ಡರ್ ನೆನಪಿಟ್ಟುಕೊಂಡವನಿಗೆ ಈ ಶಿಸ್ತು ಕಷ್ಟ ಆಗುವುದಿಲ್ಲ. ರಾತ್ರಿ ಪಾಳಿ ಮಾತ್ರ ಮೈಗೆ ಒಗ್ಗಬೇಕು.

ಅಡುಗೆಯೇ ಇಷ್ಟ ಅಂದರೆ ಅದನ್ನೂ ಬಿಡಬೇಕಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಕ್ಯಾಂಟೀನ್ ಇರಲೇಬೇಕು. ಅದು ಮಳೆಗಾಲದಲ್ಲೂ ನಡೆಯುತ್ತದೆ. ನಮ್ಮ ಕ್ಯಾಂಟೀನಿನ ಮುಖ್ಯ ಅಡುಗೆಯವರು ಮೊದಲು ಬೀಚ್ ಹೋಟೆಲಿನಲ್ಲೇ ಇದ್ದವರು. ಟಿಪ್ಸ್ ಇಲ್ಲ, ಆದರೆ ಮಗಳ ಸ್ಕೂಲ್ ಫೀಸು ಜೂನ್‌ನಲ್ಲೇ ಕಟ್ಟುತ್ತಾರೆ.

ಸ್ವಯಂಪೂರ್ಣ ಗೋವಾ ಶುರುವಾಗಿದ್ದು 2020ರ ಅಕ್ಟೋಬರ್ 1ರಂದು. ಪ್ರತಿ ಪಂಚಾಯಿತಿಗೆ ಒಬ್ಬ ಸರ್ಕಾರಿ ಅಧಿಕಾರಿಯನ್ನು ಸ್ವಯಂಪೂರ್ಣ ಮಿತ್ರ ಅಂತ ಕಳಿಸಿದರು. ಊರಿನಲ್ಲಿ ಯಾರಿಗೆ ಯಾವ ಯೋಜನೆ ಸಿಗಬಹುದು ನೋಡುವುದು, ತರಕಾರಿ, ಹಾಲು, ಮೀನು ಇಲ್ಲೇ ಬೆಳೆಯುವುದು ಅದರ ಉದ್ದೇಶ. ಅದರ ಹಿಂದೆ ನಿಜವಾದ ನೋವಿದೆ. ಲಾಕ್‌ಡೌನ್‌ನಲ್ಲಿ ಗಡಿ ಮುಚ್ಚಿದಾಗ ಇಲ್ಲಿ ತರಕಾರಿಯೇ ಇರಲಿಲ್ಲ. ಗೋವಾದ ತರಕಾರಿ ಹೆಚ್ಚಾಗಿ ಬರುವುದು ನಮ್ಮ ಬೆಳಗಾವಿಯಿಂದ. ಇಲ್ಲಿನ ತೋಟಗಾರಿಕಾ ನಿಗಮ ಅಲ್ಲಿಂದ ತರಿಸಿ ಸಣ್ಣ ಅಂಗಡಿಗಳಲ್ಲಿ ಕಡಿಮೆ ದರಕ್ಕೆ ಮಾರುತ್ತದೆ. ಈ ಯೋಜನೆ ನನಗೆ ಇಷ್ಟ, ಊರಿನ ಹೆಂಗಸರು ಕೆಲವರು ನಾಲ್ಕು ಕಾಸು ನೋಡಿದ್ದಾರೆ. ಆದರೆ ಅದು ಇಲ್ಲಿ ಜಮೀನು, ಮನೆ ಇರುವವರಿಗೆ. ಬಾಡಿಗೆ ಕೋಣೆಯಲ್ಲಿ ಇರುವ ನಮ್ಮ ಹುಡುಗರ ಲೆಕ್ಕ ಅದರಲ್ಲಿ ಇಲ್ಲ.

ನನ್ನ ಒಂದು ಆಸೆ ಇದೆ, ಪಂಚಾಯಿತಿ ಸಭೆಯಲ್ಲೂ ಹೇಳಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಾವಿರಾರು ಕೈಗಳು ಖಾಲಿ ಕೂರುತ್ತವೆ. ಐಟಿಐ ಕಟ್ಟಡಗಳು ಇವೆ, ಕಾರ್ಖಾನೆಗಳಿಗೆ ಜನ ಬೇಕು. ಆ ನಾಲ್ಕು ತಿಂಗಳು ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸಿ. ಸೀಸನ್ ಬಂದಾಗ ಹೋಗುವವರು ಬೀಚ್‌ಗೆ ಹೋಗಲಿ, ಉಳಿಯುವವರು ಉಳಿಯಲಿ. ಇದಕ್ಕೆ ಒಂದು ಗುಂಟೆ ಗುಡ್ಡವನ್ನೂ ಕಡಿಯಬೇಕಿಲ್ಲ.

---

ಬೇಲೆ ದಾರಿ ಉತ್ತರ:

ಗೋಕರ್ಣದಿಂದ ಬರೆಯುತ್ತಿದ್ದೇನೆ. ನೀವು ಗೋವಾ ಬಗ್ಗೆ ಹೇಳಿದ್ದು ನಮ್ಮ ಮನೆ ಬಾಗಿಲಿಗೂ ಬಂದಿದೆ. ಓಂ ಬೀಚ್, ಕುಡ್ಲೆ ಕಡೆ ಈಗ ಎಲ್ಲರೂ ರೂಮ್ ಕಟ್ಟುವವರೇ. ಅಘನಾಶಿನಿ ದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಿತ್ತು. ಬಿತ್ತುವವರು ಈಗ ಕಡಿಮೆ. ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರು ಇನ್ನೂ ಇದ್ದಾರೆ. ಅವರಿಗೆ ಪ್ರವಾಸಿಗರು ಬಂದರೂ ಹೋದರೂ ಹೊಳೆ ಅನ್ನ ಕೊಡುತ್ತದೆ. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಪಟ್ಟವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ) ಸಿಕ್ಕಿತು.

ನಮ್ಮಲ್ಲಿ ಸರ್ಕಾರ ಪರ್ಯಾಯ ಅಂತ ತೋರಿಸುವುದು ಬಂದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಮೀನುಗಾರರು ಬೇಡ ಅನ್ನುತ್ತಿದ್ದಾರೆ. ಝುವಾರಿ ದಂಡೆ ಅಕ್ಕನ ಮಾತು ಇಲ್ಲಿಗೂ ಅನ್ವಯ. ಈಗಾಗಲೇ ಇರುವ ದುಡಿಮೆಯನ್ನು ಕಿತ್ತು ಹೊಸದನ್ನು ನೆಡುವುದು ಯಾವ ಸೀಮೆಯ ಅಭಿವೃದ್ಧಿ? ಇರುವ ಮೀನಿಗೆ, ಬಳಚಿಗೆ, ಕಗ್ಗಕ್ಕೆ ಒಳ್ಳೆಯ ಬೆಲೆ ಬರುವ ಹಾಗೆ ಮಾಡಿ ಅಂತ ನಾವು ಕೇಳುತ್ತಲೇ ಇದ್ದೇವೆ.

---

ನರಗುಂದದವ:

ತಮ್ಮ ಈ ಸಲ ಮೇ ತಿಂಗಳಲ್ಲಿ ನೇರವಾಗಿ ಊರಿಗೆ ಬರುವುದಿಲ್ಲ. ವಾಸ್ಕೋದಲ್ಲಿ ಇಳಿದುಕೊಂಡು ವೆರ್ಣಾದಲ್ಲಿ ವಿಚಾರಿಸಿ ಬರುತ್ತಾನಂತೆ. ಐಟಿಐ ಮಾರ್ಕ್ಸ್ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಕೊರಿಯರ್ ಮಾಡಿದ್ದೇನೆ. ಅಕ್ಕಾ, ಇನ್ನೇನಾದರೂ ಕಾಗದ ಬೇಕಾ?

---

ಝುವಾರಿ ದಂಡೆ:

ಐಟಿಐದು ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್) ಸರ್ಟಿಫಿಕೇಟ್ ಮೂಲ ಪ್ರತಿ ಬೇಕು, ಬರೀ ಮಾರ್ಕ್ಸ್ ಕಾರ್ಡ್ ಸಾಲದು. ಶ್ಯಾಕ್ ಮಾಲೀಕರಿಂದ ಇಷ್ಟು ವರ್ಷ ಕೆಲಸ ಮಾಡಿದ್ದಾನೆ ಅಂತ ಒಂದು ಪತ್ರ ಬರೆಸಿಕೊಳ್ಳಲಿ, ಕ್ಯಾಂಟೀನ್ ಕೆಲಸಕ್ಕೆ ಉಪಯೋಗ ಆಗುತ್ತದೆ. ಬೆಳಗ್ಗೆ ಪಾಳಿ ಬದಲಾಗುವ ಮುಂಚೆ ಎಸ್ಟೇಟ್ ತಲುಪಿದರೆ ಗೇಟ್ ಹತ್ತಿರ ನಮ್ಮ ಕಡೆಯವರು ಸಿಗುತ್ತಾರೆ. ಕನ್ನಡದಲ್ಲೇ ಕೇಳಬಹುದು.